ಹಗುರಕೈಯವಳು ಒತ್ತಿದ ದಿನ

ಚರ್ಮದ ಆಸ್ಪತ್ರೆಯಲ್ಲಿ ಅವಳಿಗೆ ‘ಹಗುರಕೈ’ ಎಂದೇ ಹೆಸರು. ಹದಿನೆಂಟು ವರ್ಷಗಳಿಂದ ಡರ್ಮೋಸ್ಕೋಪ್ ಹಿಡಿದವಳು. ದೀಪವಿರುವ ಪುಟ್ಟ ಭೂತಗನ್ನಡಿ ಅದು. ಕ್ಯಾಮೆರಾಕ್ಕೆ ಜೋಡಿಸಿ ಗಂಟಿನ ಮೇಲಿಟ್ಟರೆ ಚರ್ಮದೊಳಗಿನ ಬಣ್ಣ, ನಾಳ ಎಲ್ಲ ಕಾಣುತ್ತವೆ. ಆದರೆ ಒತ್ತಿದಿರೋ, ಕೆಟ್ಟಿತು. ಸಣ್ಣ ನಾಳಗಳಿಂದ ರಕ್ತ ಸರಿದು ಚಿತ್ರ ಬೋಳುಬೋಳಾಗುತ್ತದೆ. ಹೊಸಬರು ಯಾರಾದರೂ ಒತ್ತಿದರೆ, ಅಂಚೆಯ ಮುದ್ರೆ ಹಾಕಲು ಬಂದಿರಾ ಎಂದು ಕೇಳದೆ ಬಿಡುತ್ತಿರಲಿಲ್ಲ. ಡಾಕ್ಟರೆಂದೂ ನೋಡುತ್ತಿರಲಿಲ್ಲ.

ಗಂಡ ದರ್ಜಿ. ಊರವರ ಅಳತೆಯೆಲ್ಲ ಅವನಿಗೆ ಬಾಯಿಪಾಠ. ತನ್ನದೇ ಮೊಣಕಾಲ ಕೆಳಗೆ ಎರಡು ವರ್ಷದಿಂದ ಬೆಳೆದ ಕೆಂಪು ಗಂಟಿನ ಅಳತೆ ಮಾತ್ರ ಗೊತ್ತಿಲ್ಲ. ಅವನು ಪ್ಯಾಂಟು ಮಡಚಿ ಬಚ್ಚಲು ತೊಳೆಯುವಾಗ ಅದು ಅವಳ ಕಣ್ಣಿಗೆ ಬಿತ್ತು. ದೀಪದ ಬುಡದಲ್ಲೇ ಕತ್ತಲೆ ಎಂದು ತನ್ನನ್ನೇ ಬೈದುಕೊಂಡಳು. ಸೊಳ್ಳೆ ಕಚ್ಚಿದ್ದು ಎಂದ ಅವನು. ಎರಡು ವರ್ಷ ಕಚ್ಚಿಕೊಂಡೇ ಕೂತ ಆ ಸೊಳ್ಳೆಯನ್ನು ಡಾಕ್ಟರಮ್ಮನೂ ನೋಡಲಿ ಎಂದು ಮರುದಿನವೇ ಎಳೆದುಕೊಂಡು ಹೋದಳು.

ಚಿತ್ರ ತಾನೇ ತೆಗೆದಳು. ಪರದೆಯ ಮೇಲೆ ಮಸುಕು ಬಿಳುಪು ಬಿಟ್ಟರೆ ಏನೂ ಇಲ್ಲ. ಗುರುತು ಸಿಗುತ್ತಿಲ್ಲ, ಕೆಟ್ಟ ಗೆಡ್ಡೆಯೂ ಆಗಿರಬಹುದು, ಹಾಗಿದ್ದರೆ ಅಗಲವಾಗಿ ಕೊಯ್ಯಬೇಕಾದೀತು ಎಂದರು ಡಾಕ್ಟರಮ್ಮ. ಹೊಲಿಗೆಯಂತ್ರ ತುಳಿಯುವ ಕಾಲು ಅದು.

ಗಂಡ ಕಾಲು ಸವರಿಕೊಳ್ಳುತ್ತ ಗೊಣಗಿದ: “ನಿನ್ ಕೈ ಹಗುರ ಅಂತಾರಲ್ಲ, ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಿತ್ತು.”

ಕಾಲಿನ ಮೇಲೆ ಗಾಜಿನ ದುಂಡು ಅಚ್ಚು ಇನ್ನೂ ಇತ್ತು. ಊರಿಗೆಲ್ಲ ಪಾಠ ಹೇಳಿದವಳು ಭಯದಲ್ಲಿ ತಾನೇ ಒತ್ತಿಬಿಟ್ಟಿದ್ದಳು. ನಾಚಿಕೆಯಿಂದ ಮುಖ ಕೆಂಪಾದರೂ ಮುಚ್ಚಿಡಲಿಲ್ಲ.

“ತಪ್ಪು ನಂದೇ, ಮೇಡಂ. ಇನ್ನೊಂದ್ಸಲ ತೆಗೀತೀನಿ.”

ಈ ಸಲ ಗಂಟಿನ ಮೇಲೆ ಜೆಲ್ ಧಾರಾಳವಾಗಿ ಸುರಿದು, ಉಸಿರು ಬಿಗಿಹಿಡಿದು, ಗಾಜನ್ನು ಅದರ ಮೇಲೆ ತೇಲಿಬಿಟ್ಟಳು. ಕೆಂಪು ಚುಕ್ಕಿಗಳು ಒಂದೊಂದಾಗಿ ಮೂಡಿದವು, ಪೋಣಿಸಿದ ಮಣಿಸರದಂತೆ ಸಾಲುಸಾಲಾಗಿ. ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. ಇದು ಅಪರೂಪದ ಗೆಡ್ಡೆ, ಅಪಾಯದ್ದಲ್ಲ, ಈ ಸರವೇ ಅದರ ಗುರುತು, ಆದರೂ ಒಂದು ಚೂರು ಪರೀಕ್ಷೆಗೆ ಕಳಿಸಿ ಖಾತ್ರಿ ಮಾಡಿಕೊಳ್ಳೋಣ ಎಂದರು. ವರದಿ ಬರುವ ತನಕದ ಒಂದು ವಾರ ಅವಳು ಅಡುಗೆಗೆ ಎರಡೆರಡು ಸಲ ಉಪ್ಪು ಹಾಕಿದಳು. ಗಂಡ ತುಟಿಪಿಟಕ್ಕೆನ್ನದೆ ಉಂಡ.

ವರದಿಯೂ ಅದನ್ನೇ ಹೇಳಿತು. ಸಣ್ಣದಾಗಿ ಕೊಯ್ದು ನಾಲ್ಕು ಹೊಲಿಗೆ ಹಾಕಿದರೆ ಸಾಕಂತೆ. ಹೊಲಿಗೆ ನಾನೇ ಹಾಕಿಕೊಳ್ಳಲೇ ಎಂದು ದರ್ಜಿ ಕೇಳುತ್ತಿದ್ದಂತೆ, ಅವಳು ಎಲ್ಲರೆದುರೇ ಅವನನ್ನು ಬಾಚಿ ತಬ್ಬಿಕೊಂಡಳು.

“ಮೆಲ್ಲಗೆ ಕಣೇ,” ಎಂದ ಅವನು, ಉಸಿರು ಸಿಗದೆ.

“ನಿಮ್ಮನ್ನ ಒತ್ತಿಯೇ ಹಿಡೀಬೇಕು ರೀ,” ಎಂದಳು ಹಗುರಕೈ.