ಅಗಸಿ ಚಟ್ನಿಗೆ ಸಿಕ್ಕ ನ್ಯಾಯ

ಡಾಕ್ಟರ ಮೇಜಿನ ಮೇಲೆ ಅವ್ವ ಮೊದಲು ಇಟ್ಟದ್ದು ರಿಪೋರ್ಟನ್ನಲ್ಲ, ಅಗಸಿ ಬೀಜದ ಚಟ್ನಿಪುಡಿಯ ಡಬ್ಬಿಯನ್ನು. ತಿಳವಳ್ಳಿಯಿಂದ ಹುಬ್ಬಳ್ಳಿಯವರೆಗೆ ಅದನ್ನು ನನಗೆ ಕಾಣದಂತೆ ಸೆರಗಿನಡಿ ಇಟ್ಟುಕೊಂಡು ಬಂದಿದ್ದಳು.

“ನಮ್ಮ ಮನಿತನದಾಗ ಡಿಗ್ರಿ ಮಾಡಿದಾಕಿ ಈಕಿನ ಮೊದಲರಿ, ಮೇಡಂ. ಕಲತು ಮಾಡಿದ್ದೇನಂದ್ರ, ನನ್ನ ಚಟ್ನಿ ಬಂದ್! ನೀವ ನ್ಯಾಯ ಹೇಳ್ರಿ” ಎಂದು ನನ್ನತ್ತ ಬೆರಳು ತೋರಿಸಿದಳು.

ಅವ್ವನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ವರ್ಷವಾಗಿತ್ತು. ಅದು ಹಾರ್ಮೋನಿನಿಂದ ಬೆಳೆಯುವ ಗಡ್ಡೆಯೆಂದು ಇದೇ ಡಾಕ್ಟರು ಹೇಳಿದ್ದರು. ಅಗಸಿಯಲ್ಲಿ ಈಸ್ಟ್ರೋಜೆನ್ ಹಾರ್ಮೋನನ್ನು ಹೋಲುವ ಅಂಶವಿದೆಯೆಂದು ಮೊಬೈಲಿನಲ್ಲಿ ಓದಿದ ದಿನವೇ ನಾನು ಡಬ್ಬಿಯನ್ನು ಅಟ್ಟಕ್ಕೇರಿಸಿದ್ದೆ. ಗಡ್ಡೆ ಮರಳಿ ಬಂದರೆ ಎಂಬ ಭಯ ನನ್ನದು. ಚಟ್ನಿಯಿಲ್ಲದೆ ಅವ್ವ ಅರ್ಧ ರೊಟ್ಟಿಗೇ ಏಳುತ್ತಿದ್ದಳು.

ಡಾಕ್ಟರು ನಕ್ಕರು. “ಊಟದಾಗ ಒಂದೆರಡು ಚಮಚ ತಿಂದ್ರ ಕೆಡಕಾಗೇತಿ ಅಂತ ಕಂಡುಬಂದಿಲ್ರಿ. ಗಿಡದಾಗಿನ ಆ ಅಂಶ ನಮ್ಮ ಮೈಯಾಗಿನ ಹಾರ್ಮೋನಿನಷ್ಟು ಜೋರಲ್ಲ. ಅದನ್ನ ಗುಳಿಗಿ ಮಾಡಿ ಮಾರತಾರಲ್ಲ, ಅದೊಂದನ್ನ ನನ್ನ ಕೇಳದ ತಗೋಬ್ಯಾಡ್ರಿ.”

ಗೆದ್ದ ಖುಷಿಯಲ್ಲಿ ಅವ್ವ ಮುಚ್ಚಳ ತೆಗೆದು ಅವರ ಅಂಗೈಗೂ ಒಂದು ಚಿಟಿಕೆ ಹಾಕಿದಳು. ಅವರು ತಿಂದು ನೋಡಿ, “ಉಪ್ಪು ಸ್ವಲ್ಪ ಹೆಚ್ಚಾಗೇತ್ರಿ” ಎಂದರು. ಕ್ಯಾನ್ಸರ್ ಎಂದಾಗಲೂ ಕುಗ್ಗದ ಅವ್ವನ ಮುಖ ಈಗ ಊದಿಕೊಂಡಿತು. ಹೊರಗೆ ಬಂದವಳೇ, “ಭಾಳ ಓದಿದವ್ರಿಗೆ ನಾಲಗಿನ ಸರಿ ಇರಂಗಿಲ್ಲ ಬಿಡವಾ” ಎಂದಳು.

ಓದಿದ್ದಕ್ಕೆ ನನಗೆ ಈಗಲೂ ಹೆಮ್ಮೆಯಿದೆ. ಆದರೆ ಹೆದರಿಕೊಂಡು ಓದಿದಾಗ ಅರ್ಧ ಪುಟವಷ್ಟೇ ಕಣ್ಣಿಗೆ ಕಾಣುತ್ತದೆ, ಉಳಿದರ್ಧವನ್ನು ಬಾಯಿ ಬಿಟ್ಟು ಕೇಳಬೇಕು ಎಂಬುದು ಅಂದು ತಿಳಿಯಿತು.