ತೇಲಿದ ಹುಲ್ಲು, ಶೈಲಕ್ಕನ ಮದುವೆಯೂಟ

ಮದುವೆ ಮನೆಯಲ್ಲಿ ನೆಲವೇ ತೇಲಿದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಕಳೆದ ತಿಂಗಳು, ಮುಂಬಯಿ ಪಕ್ಕದ ಕಲ್ಯಾಣದ ನಮ್ಮದೇ ಹಿತ್ತಲಿನಲ್ಲಿ. ಎಲ್ಲ ಹಾಳಾಯಿತು ಅಂತ ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತು ಅಳಲು ತಯಾರಾಗುತ್ತಿದ್ದೆ. ಅಷ್ಟರಲ್ಲಿ ಮದುಮಗಳು ಸೀರೆ ಎತ್ತಿ ಕಟ್ಟಿ ನೆಗೆದೇಬಿಟ್ಟಳು!

ಮದುಮಗಳಿಗೆ ಐವತ್ತೆರಡು ವರ್ಷ.

ಹೆಸರು ಶೈಲಕ್ಕ. ಉಡುಪಿ ಕಡೆಯವರು, ಠಾಣೆಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ನಮ್ಮ ಪರಿಚಯವಾದದ್ದು ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದಲ್ಲಿ. (ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂರುವುದನ್ನು ಕಲಿತವರು ಸ್ನೇಹಿತರಾಗದೆ ಇನ್ನೇನಾದಾರು?) ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಂದು ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ ಬರುವ ಹೊತ್ತಿಗೆ ನನ್ನ ಕಿವಿಯಲ್ಲಿ ಹೇಳಿದರು, "ನಾನು ಮದುವೆ ಆಗ್ತಿದ್ದೇನೆ ಮಾರಾಯ್ತಿ. ಕಿರುಚಬೇಡ."

ನಾನು ಕಿರುಚಿದೆ.

ವರ ದಿಲೀಪ್, ಡೊಂಬಿವಲಿಯ ಮರಾಠಿ ಮೇಷ್ಟರು. ಅವರಿಗೂ ಹೆಂಡತಿ ಇಲ್ಲ. ಅವರ ಕಡೆಯವರೆಲ್ಲ ಖುಷಿಯಾಗಿದ್ದರು. ಒಪ್ಪದವರು ಒಬ್ಬರೇ, ಠಾಣೆಯ ಮಾಜಿವಾಡಾದ ಹತ್ತಿರ ಹೋಟೆಲ್ ನಡೆಸುವ ಶೈಲಕ್ಕನ ಅಣ್ಣ ಜಯಣ್ಣ. "ಈ ಪ್ರಾಯದಲ್ಲಿ ಎಂತ ಮದುವೆ? ಅದೂ ಆಟಿ ತಿಂಗಳಲ್ಲಿ? ನಾನು ಬರುದಿಲ್ಲ," ಅಂದುಬಿಟ್ಟಿದ್ದರು. (ಆಟಿ ಅಂದರೆ ನಮ್ಮ ಆಷಾಢವೇ. ರಿಜಿಸ್ಟ್ರಾರ್ ಆಫೀಸಿನವರು ಪಂಚಾಂಗ ನೋಡುತ್ತಾರೆಯೇ?) ಶೈಲಕ್ಕನಿಗೆ ತವರು ಅಂತ ಉಳಿದಿದ್ದು ಆ ಒಬ್ಬ ಅಣ್ಣ.

"ಹಾಲ್ ಬೇಡ," ಅಂದರು ಶೈಲಕ್ಕ. "ಹಾಲ್‌ನಲ್ಲಿ ಖಾಲಿ ಕುರ್ಚಿ ಕಾಣ್ತದೆ. ನಿಮ್ಮ ಹಿತ್ತಲಲ್ಲಿ ಒಂದು ಊಟ ಇಟ್ಕೊಳ್ಳುವನಾ?"

ಖಂಡಿತ ಅಂದೆ. ಅಂದಮೇಲೆ ನೆನಪಾಯಿತು, ನಮ್ಮ ಹಿತ್ತಲು ಎಂಥದ್ದು ಅಂತ.

ನಮ್ಮದು ಗ್ರೌಂಡ್ ಫ್ಲೋರ್ ಮನೆ. ಹಿಂದೆ ಅಂಗೈಯಗಲ ಜಾಗ, ಪೂರ್ತಿ ಜೇಡಿಮಣ್ಣು. ಮಳೆಗಾಲ ಶುರುವಾದರೆ ನೀರು ಕೆಳಗೂ ಇಳಿಯುವುದಿಲ್ಲ, ಆಚೆಗೂ ಹರಿಯುವುದಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಕಪ್ಪೆಗಳೆಲ್ಲ ನಮ್ಮಲ್ಲೇ ಬಾಡಿಗೆಗೆ ಇರುತ್ತವೆ. ಅಲ್ಲಿ ಎಲೆ ಹಾಕಿ ಊಟ ಬಡಿಸುವುದೇ?

"ಆರ್ಟಿಫಿಶಿಯಲ್ ಹುಲ್ಲು!" ಅಂದರು ನನ್ನ ಗಂಡ ಶ್ರೀಧರ. ಆಫೀಸಿನ ಟೆರೇಸಿನಲ್ಲಿ ನೋಡಿದ್ದರಂತೆ. ಉಲ್ಹಾಸನಗರದ ಅಂಗಡಿಗೆ ಹೋದೆವು. ಅಂಗಡಿಯವನು ಹಸಿರು ಚಾಪೆಯನ್ನು ಮಗುಚಿ ಕೆಳಗಿನ ತೂತುಗಳನ್ನು ತೋರಿಸಿದ. "ಭಾಭೀ, ಟೆನ್ಶನ್ ಮತ್ ಲೋ. ಪಾನೀ ಅಪನೇ ಆಪ್ ನಿಕಲ್ ಜಾಯೇಗಾ."

ನೀರು ತಾನಾಗಿಯೇ ಹೊರಟುಹೋಗುತ್ತದಂತೆ. ಹೊರಟು ಎಲ್ಲಿಗೆ ಹೋಗುತ್ತೆ? ನಾವು ಕೇಳಲಿಲ್ಲ. ತೂತು ಇದ್ದದ್ದು ಹುಲ್ಲಿಗೆ, ಜೇಡಿಗಲ್ಲವಲ್ಲ!

ಮಳೆ ಬಿಡುವು ಕೊಟ್ಟ ದಿನ ಶ್ರೀಧರ ಮಣ್ಣು ಸಮ ಮಾಡಿದರು. ಕೆಸರು ಮೇಲೆ ಬರದಿರಲಿ ಅಂತ ದೊಡ್ಡದೊಂದು ನೀಲಿ ಪ್ಲಾಸ್ಟಿಕ್ ತಾಡಪತ್ರಿ ಹಾಸಿದರು. ಅದರ ಮೇಲೆ ಹುಲ್ಲು. ಸುತ್ತಲೂ ಮೊಳೆ. ಆಹಾ, ಎಂಥ ಹಸಿರು! ಮೇಲಿನ ಮಹಡಿಯ ಮರಾಠಿ ಕಾಕು (ಅಂದರೆ ಚಿಕ್ಕಮ್ಮ) ಬಾಲ್ಕನಿಯಿಂದಲೇ ಫೋಟೊ ತೆಗೆದು ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಶ್ರೀಧರ ಅದಕ್ಕೆ ತಾವೇ ಲೈಕ್ ಒತ್ತಿದರು.

ಊಟದ ದಿನ ಬೆಳಿಗ್ಗೆಯಿಂದ ಮಳೆ. ಮೇಲೆ ಪೆಂಡಾಲ್ ಇದೆಯಲ್ಲ, ನಮಗೇನು ಭಯ ಅಂದುಕೊಂಡೆವು. ನೀರು ಮೇಲಿನಿಂದ ಬರಲಿಲ್ಲ. ಕಾಂಪೌಂಡಿನ ಎತ್ತರದ ಕಡೆಯಿಂದ ಹರಿದು ತಾಡಪತ್ರಿಯ ಕೆಳಗೆ ನುಗ್ಗಿತು. ಜೇಡಿ ಅದನ್ನು ಕುಡಿಯಲಿಲ್ಲ, ಮೊಳೆ ಹುಲ್ಲನ್ನು ಬಿಡಲಿಲ್ಲ. ನಡುವೆ ನಮ್ಮ ಲಾನ್ ಪೂರಿಯ ಹಾಗೆ ಉಬ್ಬಿ ನಿಂತಿತು!

ಟ್ರೇನಿನ ಗೆಳತಿ ಒಬ್ಬಳು ಕಾಲಿಟ್ಟಳು. ಈ ಕಡೆ ತಗ್ಗಿತು, ಆ ಕಡೆ ಎದ್ದಿತು. ಆ ಕಡೆ ಇದ್ದ ಕುರ್ಚಿಗಳು ಮೆಲ್ಲಗೆ ಮಲಗಿದವು. ನಾನು ಬಾಗಿಲ ಹಿಂದೆ ಸರಿದೆ. ಅಣ್ಣ ಬರುವುದಿಲ್ಲ ಅನ್ನುವ ಸಂಕಟ ಒಂದು ಕಡೆ. ಈಗ ಕೂರಲು ನೆಲವೂ ಇಲ್ಲ. ಶೈಲಕ್ಕನ ಮುಖ ಹೇಗೆ ನೋಡಲಿ?

ಶೈಲಕ್ಕ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರು. ಚಪ್ಪಲಿ ಬಿಟ್ಟರು. ಸೆರಗು ಸಿಕ್ಕಿಸಿದರು. ನೆಗೆದರು!

ಹುಲ್ಲು ಅವರನ್ನು ಎತ್ತಿ ಹಾಕಿತು. ಇನ್ನೊಮ್ಮೆ ನೆಗೆದರು. "ಬನ್ನಿ ಮಾರಾಯ್ರೆ! ಎಷ್ಟು ಲಾಯ್ಕುಂಟು!" ಇಡೀ ಲೇಡೀಸ್ ಡಬ್ಬಾವೇ ಹುಲ್ಲಿಗೆ ಇಳಿಯಿತು. ಒಬ್ಬರು ಬಿದ್ದರೆ ಇನ್ನೊಬ್ಬರು ಮೇಲೆ. ಬಾಲ್ಕನಿಯ ಕಾಕು ಕೂಡ ಇಳಿದು ಬಂದರು.

ಅಷ್ಟರಲ್ಲಿ ಗೇಟಿನಲ್ಲಿ ಟೆಂಪೋ ನಿಂತಿತು. ಊಟ ಜಯಣ್ಣನ ಹೋಟೆಲಿನಿಂದಲೇ ಬರಬೇಕಿತ್ತು. (ಮುನಿಸು ಬೇರೆ, ವ್ಯಾಪಾರ ಬೇರೆ ಅಂದಿದ್ದರಂತೆ.) ಪಾಯಸದ ಪಾತ್ರೆ ಹಿಡಿದು ಸ್ವತಃ ಜಯಣ್ಣ ಇಳಿದರು. ನೆಗೆಯುತ್ತಿದ್ದವರೆಲ್ಲ ಸೆರಗು ಸರಿಮಾಡಿಕೊಂಡರು.

"ಡ್ರೈವರ್ ರಜೆ. ಅದಕ್ಕೆ ನಾನೇ ತಂದೆ," ಅಂದರು, ಯಾರೂ ಕೇಳದಿದ್ದರೂ.

ಹಿಂದೆ ಟೆಂಪೋದಲ್ಲಿ ಡ್ರೈವರ್ ಕೂತು ನಮಗೆಲ್ಲ ನಮಸ್ಕಾರ ಮಾಡುತ್ತಿದ್ದ. ಅದೂ ಅಲ್ಲದೆ, ಪಾಯಸ ಇಳಿಸಲು ಬರುವವರು ರೇಷ್ಮೆ ಪಂಚೆ ಉಟ್ಟುಕೊಂಡು ಬರುತ್ತಾರೆಯೇ?

"ಅಣ್ಣ, ಅಲ್ಲೇ ನಿಲ್ಲು!" ಶೈಲಕ್ಕ ಕೂಗಿದರು. ತಡವಾಗಿತ್ತು. ಜಯಣ್ಣ ಹುಲ್ಲಿನ ಮೇಲೆ ಹೆಜ್ಜೆ ಇಟ್ಟರು, ಹುಲ್ಲು ಸರಿಯಿತು, ಅವರು ಧೊಪ್ಪನೆ ಕೂತರು. ಪಾಯಸದ ಪಾತ್ರೆ ಮಾತ್ರ ಎರಡೂ ಕೈಯಲ್ಲಿ ತಲೆಯ ಮೇಲೆ, ಒಂದು ಹನಿ ಚೆಲ್ಲದೆ!

"ಪೆಟ್ಟಾಯ್ತಾ ಅಣ್ಣ?"

"ಪೆಟ್ಟು ಹಾಗಿರಲಿ, ಪಾಯಸ ಹಿಡ್ಕೊ ಮೊದಲು!"

ಶೈಲಕ್ಕ ಪಾತ್ರೆ ತೆಗೆದುಕೊಂಡರು. ದಿಲೀಪ್ ಓಡಿಬಂದು ಕೈ ಚಾಚಿದರು. "ಭಾವಾ, ಹಾತ್ ದ್ಯಾ!" ಜಯಣ್ಣ ಒಂದು ಕ್ಷಣ ಆ ಕೈಯನ್ನು ನೋಡಿದರು. ಹಿಡಿದರು. ಎಳೆದ ರಭಸಕ್ಕೆ ಮದುಮಗನೂ ಪಕ್ಕದಲ್ಲೇ ಬಿದ್ದ.

"ನೀವೂ ಬಂದ್ರಾ?" ಅಂದರು ಜಯಣ್ಣ. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಮೊದಲು ಸದ್ದಿಲ್ಲದೆ, ನಂತರ ಇಡೀ ಸೊಸೈಟಿಗೆ ಕೇಳುವಂತೆ ನಕ್ಕರು. ಶೈಲಕ್ಕ ಪಾತ್ರೆ ಹಿಡಿದುಕೊಂಡೇ ನಗುತ್ತಿದ್ದರು, ಅಳುತ್ತಲೂ ಇದ್ದರು.

ಊಟ ನಮ್ಮ ಹಾಲ್‌ನಲ್ಲಿ, ಬೆಡ್‌ರೂಮಿನಲ್ಲಿ, ಕಟ್ಟಡದ ಮೆಟ್ಟಿಲ ಮೇಲೆ, ತಟ್ಟೆ ಹಿಡಿದು ನಡೆಯಿತು. ಒದ್ದೆ ರೇಷ್ಮೆ ಪಂಚೆಯಲ್ಲೇ ಜಯಣ್ಣ ಎಲ್ಲರಿಗೂ ಪಾಯಸ ಬಡಿಸಿದರು. ಹೊಸ ಭಾವನಿಗೆ ಎರಡು ಸಲ.

ಹಿತ್ತಲೂ ಈಗ ಸರಿಯಾಗಿದೆ. ತಾಡಪತ್ರಿ ಕಿತ್ತು, ಜೇಡಿ ಅಗೆದು ತೆಗೆದು, ಜಲ್ಲಿ ತುಂಬಿಸಿ, ಗಟಾರದ ಕಡೆಗೆ ಇಳಿಜಾರು ಕೊಟ್ಟು ತೂತಿನ ಪೈಪ್ ಹಾಕಿಸಿದೆವು. ಅದರ ಮೇಲೆ ಅದೇ ಹುಲ್ಲು. ಮೊನ್ನೆಯ ಜಡಿಮಳೆಗೂ ನೀರು ನಿಲ್ಲಲಿಲ್ಲ. ಶ್ರೀಧರ ಕೊಡೆ ಹಿಡಿದು ನಿಂತು, ಪೈಪಿನ ಬಾಯಿಂದ ನೀರು ಬೀಳುವುದನ್ನು ಜೋಗ ನೋಡಿದ ಹಾಗೆ ನೋಡಿದರು.

ನಾವು ನೆಲ ಒಣಗಿಸಲು ಒದ್ದಾಡಿದ್ದೇ ಒದ್ದಾಡಿದ್ದು. ಐವತ್ತೆರಡರಲ್ಲಿ ಮದುವೆಗೆ ಹೆದರದ ಹೆಂಗಸು ಕಾಲು ಒದ್ದೆಯಾದರೆ ಹೆದರುತ್ತಾಳೆ ಅಂತ ನಮಗೆ ಹೇಳಿದವರಾದರೂ ಯಾರು?