‘ಯಾರು ಹೇಳಿದ್ದು’ ಮೇಡಂ

ಬೆಳಗಿನ ಆರೂವರೆ. ಶಾಲೆಯ ಹಿಂಬದಿಯ ಉದ್ದ ಕೋಣೆಯಲ್ಲಿ ಒಬ್ಬ ಹೆಂಗಸು ಕಂಪ್ಯೂಟರ್‌ಗಳ ಮೇಲಿನ ಹಳೆಯ ಬಟ್ಟೆಗಳನ್ನು ತೆಗೆದು, ಮಡಚಿ, ಪಕ್ಕಕ್ಕಿಡುತ್ತಾರೆ. ಇರುವುದು ಹನ್ನೊಂದು, ಜೀವವಿರುವುದು ಎಂಟರಲ್ಲಿ. ಎಂಟನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಆದ್ದರಿಂದ ಒಂದನ್ನು ಹಾಕಿ, ಅದರ ಪರದೆ ಬೆಳಗುವ ತನಕ ನಿಂತು, ಆಮೇಲೆ ಮುಂದಿನದಕ್ಕೆ ಹೋಗುತ್ತಾರೆ. ನಡುವಿನ ಹೊತ್ತಿನಲ್ಲಿ, ಹಿಂದಿನ ದಿನ ಮರಳಿ ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಾರೆ.

ಏಳಕ್ಕೆ ಗಣಿತದ ಮೇಷ್ಟ್ರು ಬರುತ್ತಾರೆ. ವಯಸ್ಸು ಐವತ್ತಾರು. ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಾರೆ. ತಾವು ಪಾಠ ಹೇಳಿಸಿಕೊಳ್ಳುವುದು ಮಕ್ಕಳ ಕಣ್ಣಿಗೆ ಬೀಳಬಾರದು.

“ಮೇಡಂ, ಅಂಕಪಟ್ಟಿ ಮತ್ತೆ ಮಾಯ ಆಯ್ತು.”

“ಮಾಯ ಆಗಿಲ್ಲ ಸರ್, ಎಲ್ಲೋ ಇಟ್ಟಿದೀರ. ನಿನ್ನೆ ಏನು ಹೆಸರು ಕೊಟ್ರಿ?”

“ಹೊಸದು ಅಂತ.”

“ಮೊನ್ನೆ?”

“ಹೊಸದು ಎರಡು.”

“ಹೋದ ವಾರ?”

ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಾರೆ. “ಹೊಸಾ ಹೊಸದು.”

“ಮನೇಲಿ ಮೂರು ಮಕ್ಕಳಿಗೂ ಪುಟ್ಟ ಅಂತಲೇ ಹೆಸರಿಟ್ಟಿದೀರಾ ಸರ್?”

ಇಬ್ಬರೂ ನಗುತ್ತಾರೆ. ಅಂಕಪಟ್ಟಿ ಸಿಗುತ್ತದೆ.

ಈಕೆ ಈ ಶಾಲೆಯ ಗ್ರಂಥಪಾಲಕಿ. ಮೂವತ್ತೊಂದು ವರ್ಷದಿಂದ ಇದೇ ಕೋಣೆ. ಆರುನೂರ ನಲವತ್ತು ಮಕ್ಕಳು, ಇಪ್ಪತ್ತೆರಡು ಶಿಕ್ಷಕರು, ಒಂಬತ್ತು ಸಾವಿರ ಚಿಲ್ಲರೆ ಪುಸ್ತಕ. ಇವರೆಲ್ಲರಿಗೂ ಈಕೆ ಒಬ್ಬರೇ. ಬರುವ ಮಾರ್ಚಿಗೆ ನಿವೃತ್ತಿ. ಸೇರಿದಾಗ ಮುದ್ರೆ ಒತ್ತುವುದು, ಹರಿದ ಹಾಳೆಗೆ ಅಂಟು ಹಚ್ಚುವುದು, ಇಷ್ಟೇ ಕೆಲಸ. ಈಗ ಶಿಕ್ಷಕರ ಪಾಠವನ್ನು ಪರದೆಗೆ ಏರಿಸುವುದರಿಂದ ಹಿಡಿದು ಮಕ್ಕಳಿಗೆ ಹುಡುಕುವುದನ್ನು, ಹುಡುಕಿದ್ದನ್ನು ಅನುಮಾನಿಸುವುದನ್ನು ಕಲಿಸುವ ತನಕ ಎಲ್ಲವೂ ಈಕೆಯ ತಲೆಯ ಮೇಲೆ.

ಈಕೆ ಕಂಪ್ಯೂಟರ್ ಕಲಿತದ್ದು ಗಂಡನ ಹಾಸಿಗೆಯ ಪಕ್ಕದಲ್ಲಿ. ಅವರು ಬೆರಳಚ್ಚುಗಾರರಾಗಿದ್ದವರು. ಪಾರ್ಶ್ವವಾಯು ಬಡಿದು ನಾಲ್ಕು ವರ್ಷ ಮಲಗಿದ್ದರು. ತೀರಿಕೊಂಡು ಆರು ವರ್ಷವಾಯಿತು. “ಮಾತು ನಿಂತುಹೋಗಿತ್ತು. ನಾನು ತಪ್ಪು ಒತ್ತಿದ್ರೆ ಕಣ್ಣಲ್ಲೇ ನಗೋರು. ನನಗೆ ಅಷ್ಟೇ ಸಾಕಿತ್ತು, ಬೇಕಂತಲೇ ತಪ್ಪು ಒತ್ತಿದ್ದೂ ಉಂಟು” ಎನ್ನುತ್ತಾರೆ. ಇಷ್ಟು ಹೇಳಿ ಎದ್ದುಹೋಗಿ ಕಿಟಕಿ ತೆರೆಯುತ್ತಾರೆ. ಕೆಲವು ನೋವುಗಳಿಗೆ ದೇವರು ಕೆಲಸವನ್ನಲ್ಲದೆ ಬೇರೆ ಔಷಧ ಇಟ್ಟಿಲ್ಲ.

ಮಕ್ಕಳು ಈಕೆಗೆ ‘ಯಾರು ಹೇಳಿದ್ದು ಮೇಡಂ’ ಎಂದು ಅಡ್ಡಹೆಸರು ಇಟ್ಟಿದ್ದಾರೆ. ಯಾವ ಮಗು ಏನು ಬರೆದು ತಂದರೂ ಮೊದಲ ಪ್ರಶ್ನೆ ಅದೇ.

“ಇಂಟರ್ನೆಟ್ ಹೇಳ್ತು ಮೇಡಂ.”

“ಇಂಟರ್ನೆಟ್ ಯಾರ ಮನೆಯವರಪ್ಪಾ? ಎಷ್ಟು ಓದಿದಾರೆ? ಕಣ್ಣಾರೆ ನೋಡಿದ್ರಂತಾ, ಇಲ್ಲ ಯಾರೋ ಅಂದಿದ್ದನ್ನ ತಂದು ಅಂದ್ರಾ?”

ಮಗು ಗೊಣಗುತ್ತಾ ಮತ್ತೆ ಹುಡುಕಲು ಹೋಗುತ್ತದೆ. ಒಂದು ಸಂಗತಿಗೆ ಇಬ್ಬರು ಸಾಕ್ಷಿ ಬೇಕು, ಒಬ್ಬರು ಇನ್ನೊಬ್ಬರನ್ನು ನೋಡಿ ಬರೆದಿರಬಾರದು: ಇದು ಈ ಕೋಣೆಯ ಕಟ್ಟಳೆ.

ಇಂಥವರ ಕೈಯಲ್ಲೇ ಹೋದ ವರ್ಷ ಒಂದು ತಪ್ಪಾಯಿತು. ಅದನ್ನು ಬರೆಯಬೇಡಿ ಎಂದು ಈಕೆ ಹೇಳಲಿಲ್ಲ. “ಅದನ್ನ ಬಿಟ್ಟು ನನ್ನ ಹೊಗಳಿ ಬರೆದ್ರೆ ಸುಳ್ಳಾಗತ್ತೆ” ಎಂದರು.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ, ತನ್ನ ಬೀದಿಗೆ ನಲ್ಲಿ ನೀರು ಬಂದ ಬಗೆಯನ್ನು ಬರೆದಿದ್ದಳು. ನಗರಸಭೆಯ ಹಳೆಯ ವರದಿ ಓದಿ, ಬೀದಿಯ ಐದು ಜನ ಅಜ್ಜಿಯರನ್ನು ಮಾತಾಡಿಸಿ, ಮೂರು ತಿಂಗಳು ಕೂತು ಬರೆದದ್ದು. ಕರಡು ಓದಿ ಗ್ರಂಥಪಾಲಕಿಗೆ ಹಿಗ್ಗಾಯಿತು. ಬೇರೆ ಮಕ್ಕಳಿಗೆ ಮಾದರಿಯಾಗಲಿ ಎಂದು ಅದನ್ನು ಗ್ರಂಥಾಲಯದ ಅಂತರಜಾಲ ಪುಟಕ್ಕೆ ಏರಿಸಿದರು. ಮಕ್ಕಳ ಹೆಸರು ಊರಿಗೆಲ್ಲ ಕಾಣಬಾರದೆಂದು ಹೆಸರು ಬಿಟ್ಟರು.

ಅದೇ ತಿಂಗಳು, ನಕಲು ಮಾಡಿದ್ದನ್ನು ಪತ್ತೆ ಹಚ್ಚುವ ಒಂದು ತಂತ್ರಾಂಶವನ್ನು ಶಿಕ್ಷಕರಿಗೆ ಕಲಿಸಿಕೊಟ್ಟವರೂ ಇವರೇ. ಹುಡುಗಿ ತಿದ್ದಿ ಬರೆದು ತಂದ ಪ್ರಬಂಧವನ್ನು ಸಮಾಜ ಪಾಠದ ಮೇಷ್ಟ್ರು ಅದಕ್ಕೆ ಹಾಕಿದರು. ನೂರಕ್ಕೆ ಎಂಬತ್ತೊಂದು ಪಾಲು ನಕಲು ಎಂದಿತು. ಮೇಷ್ಟ್ರು ತರಗತಿಯ ಮುಂದೆಯೇ ಅವಳನ್ನು ನಿಲ್ಲಿಸಿ ಕಳ್ಳಿ ಎಂದರು. ಅಂತರಶಾಲಾ ಪ್ರದರ್ಶನದ ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. “ನಾನೇ ಬರೆದಿದ್ದು ಸರ್” ಎಂದು ಅವಳು ಎರಡು ಸಲ ಹೇಳಿದಳಂತೆ.

ನಾಲ್ಕು ದಿನದ ಮೇಲೆ ಮೇಷ್ಟ್ರು ಗ್ರಂಥಾಲಯಕ್ಕೆ ಬಂದು, “ಮೇಡಂ, ನೀವು ಕಲಿಸಿದ್ದು ಭಾರಿ ಉಪಯೋಗಕ್ಕೆ ಬಂತು” ಎಂದು ಬೀಗಿದರು. ಎಲ್ಲಿಂದ ಕದ್ದಿದ್ದಳು ಎಂದು ಈಕೆ ಕೇಳಿದರು. ಮೇಷ್ಟ್ರು ಪುಟದ ವಿಳಾಸ ತೋರಿಸಿದರು.

“ನನ್ನದೇ ಪುಟ” ಎಂದು ಹೇಳುವಾಗ ಈಗಲೂ ಈಕೆಯ ಧ್ವನಿ ಇಳಿಯುತ್ತದೆ. “ಆ ಮಗು ಕದ್ದಿದ್ದು ತನ್ನಿಂದಲೇ. ಮೇಷ್ಟ್ರನ್ನ ಏನು ಅನ್ನಲಿ? ಅಂಕಿ ನೋಡಿ ನಂಬಬೇಡಿ, ವಿಳಾಸ ತೆರೆದು ನೋಡಿ ಅಂತ ನಾನು ಹೇಳಿಕೊಟ್ಟಿರಲಿಲ್ಲ. ಮಕ್ಕಳಿಗೆ ದಿನಾ ಕೇಳೋ ಪ್ರಶ್ನೆನ ಯಂತ್ರಕ್ಕೆ ಕೇಳೋದು ಮರೆತೆ.”

ಮೇಷ್ಟ್ರು ನಾಚಿ, ಗುಟ್ಟಾಗಿ ಅಂಕ ತಿದ್ದುತ್ತೇನೆ ಎಂದರು. ಈಕೆ ಒಪ್ಪಲಿಲ್ಲ. “ಹತ್ತು ಜನರ ಮುಂದೆ ಹೋದ ಮಾನ, ಹತ್ತು ಜನರ ಮುಂದೆಯೇ ಬರಬೇಕು ಸರ್.” ಮುಖ್ಯೋಪಾಧ್ಯಾಯಿನಿ ಕರೆದು, “ನಿವೃತ್ತಿ ಹತ್ತಿರ ಇದೆ, ತಪ್ಪೊಪ್ಪಿಗೆನ ಬರಹದಲ್ಲಿ ಯಾಕೆ ಕೊಡ್ತೀರಿ?” ಎಂದು ಬುದ್ಧಿ ಹೇಳಿದರು. ಈಕೆ ಬರಹದಲ್ಲೇ ಕೊಟ್ಟರು. ಮೇಷ್ಟ್ರೂ ಈಕೆಯೂ ಆ ತರಗತಿಗೆ ಹೋಗಿ, ನಿಂತು, ತಪ್ಪು ಒಪ್ಪಿಕೊಂಡರು. ದೇವರ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭ. ಆತ ದಿಟ್ಟಿಸಿ ನೋಡುವುದಿಲ್ಲ. ನಲವತ್ತು ಮಕ್ಕಳ ಕಣ್ಣು ಹಾಗಲ್ಲ. ಪ್ರದರ್ಶನದ ಪಟ್ಟಿ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಈಕೆ ಅಂದು ಸಂಜೆಯೇ ಆ ಬರಹವನ್ನು ಪುಟದಿಂದ ತೆಗೆದುಹಾಕಿದರು.

ಹುಡುಗಿ ಗ್ರಂಥಾಲಯಕ್ಕೆ ಬರುವುದನ್ನು ಬಿಟ್ಟಳು. ಐದು ತಿಂಗಳು. ಎದುರು ಸಿಕ್ಕರೆ ಗೋಡೆ ನೋಡಿಕೊಂಡು ಹೋಗುತ್ತಿದ್ದಳು. ಈಕೆ ಕರೆಯಲಿಲ್ಲ. “ಕರೆದ್ರೆ ನನ್ನ ಸಮಾಧಾನಕ್ಕೆ ಕರೆದ ಹಾಗಾಗ್ತಿತ್ತು” ಎನ್ನುತ್ತಾರೆ. ಆ ಐದು ತಿಂಗಳಲ್ಲಿ ಇಪ್ಪತ್ತೆರಡು ಶಿಕ್ಷಕರನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು, ತಾವು ಕಲಿಸಿದ್ದನ್ನು ಮತ್ತೆ ಮೊದಲಿನಿಂದ ಕಲಿಸಿದರು.

ಒಂದು ದಿನ ಹುಡುಗಿ ಬಂದು ಮೇಜಿನ ಮುಂದೆ ನಿಂತಳು.

“ನನ್ನ ಬರಹ ಎಲ್ಲಿ?”

“ತೆಗೆದುಬಿಟ್ಟೆ ಮಗಳೇ.”

“ಯಾರನ್ನ ಕೇಳಿ ತೆಗೆದ್ರಿ? ಹಾಕುವಾಗಲೂ ನನ್ನ ಕೇಳಲಿಲ್ಲ. ತೆಗೆಯುವಾಗಲೂ ಕೇಳಲಿಲ್ಲ.”

ಗ್ರಂಥಪಾಲಕಿ ಇದನ್ನು ಹೇಳುತ್ತಾ ಮೊದಲ ಬಾರಿಗೆ ಮನಸಾರೆ ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಲೇ. “ಮೂವತ್ತೊಂದು ವರ್ಷದಲ್ಲಿ ನನಗೆ ಇಷ್ಟು ಸರಿಯಾಗಿ ಯಾರೂ ಬೈದಿರಲಿಲ್ಲ.”

ಹುಡುಗಿ ಈಗ ಬರಹವನ್ನು ಮತ್ತೆ ತಿದ್ದುತ್ತಿದ್ದಾಳೆ. ಐದು ಅಜ್ಜಿಯರ ಹೆಸರನ್ನೂ ಹಾಕಬೇಕೆಂಬುದು ಅವಳ ಹಟ. ಅದಕ್ಕೆ ಒಬ್ಬೊಬ್ಬರ ಮನೆಗೂ ಹೋಗಿ ಒಪ್ಪಿಗೆಯ ಚೀಟಿಗೆ ಸಹಿ ಕೇಳಿದಳು. ನಾಲ್ವರು ಹಾಕಿದರು. ಐದನೆಯವರು ಈ ನಡುವೆ ತೀರಿಕೊಂಡಿದ್ದರು.

“ಇಲ್ಲದವರನ್ನ ಹೇಗೆ ಕೇಳೋದು ಮೇಡಂ?”

“ಅವರನ್ನ ದಿನಾ ನೆನೆಯೋರು ಯಾರಿದಾರೋ, ಅವರನ್ನ ಕೇಳು.”

ಹುಡುಗಿ ಆ ಅಜ್ಜಿಯ ಗಂಡನ ಬಳಿ ಹೋದಳು. ಮುದುಕರು ಹೊಸ್ತಿಲಲ್ಲಿ ಕೂತು, ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಹೆಂಡತಿ ನೀರು ಹೊತ್ತ ಬಗೆ ಇರುವ ಸಾಲುಗಳನ್ನು ಎರಡು ಸಲ ಓದಿದರು. ಆಮೇಲೆ, “ಎರಡು ಕೊಡ ಅಲ್ಲ ಮಗಾ, ಮೂರು. ತಲೆ ಮೇಲೆ ಎರಡು, ಸೊಂಟದಲ್ಲಿ ಒಂದು. ತಿದ್ದಿಬಿಡು. ಹೆಸರು ದೊಡ್ಡದಾಗಿ ಹಾಕು” ಎಂದರಂತೆ.

ಮೇಜಿನ ಖಾನೆಯಲ್ಲಿ ಆ ಐದು ಚೀಟಿಗಳಿವೆ. ಆರನೆಯದೂ ಒಂದಿದೆ. ಈ ಬರಹವನ್ನು ನಿನ್ನ ಹೆಸರಿನೊಂದಿಗೆ ಪುಟಕ್ಕೆ ಹಾಕಬಹುದೇ ಎಂದು ಗ್ರಂಥಪಾಲಕಿ ಹುಡುಗಿಗೂ ಅವಳ ತಾಯಿಗೂ ಬರೆದದ್ದು. ತಾಯಿ ಸಹಿ ಹಾಕಿದ್ದಾರೆ. ಮಗಳ ಜಾಗ ಖಾಲಿ ಇದೆ.

“ಯೋಚನೆ ಮಾಡಿ ಹೇಳ್ತೀನಿ ಅಂದಿದಾಳೆ. ನಾನು ಹೋಗೋದ್ರೊಳಗೆ ಹೂಂ ಅಂದ್ರೆ ಚೆಂದ” ಎನ್ನುತ್ತಾರೆ ಈಕೆ, ಖಾನೆ ಮುಚ್ಚುತ್ತಾ. “ಬೇಡ ಅಂದ್ರೂ ಸರಿಯೇ. ಬೇಡ ಅನ್ನೋಕಾದ್ರೂ ಇನ್ನೊಂದ್ಸಲ ಒಳಗೆ ಕಾಲಿಡ್ತಾಳಲ್ಲ.”